ಮಾದರಿ ರೈಲುಬಂಡಿ: ನಿಜಸಾಮ್ಯ, ಗುಣ ಮತ್ತು ಬೆಲೆ

ಆಟಿಕೆಯ ರೈಲುಬಂಡಿಗೂ ಮಾದರಿ ರೈಲುಬಂಡಿಗೂ ಇರುವ ಭೇದ ಅಳತೆಯದು. ಆಟಿಕೆಯು ರೈಲಿನಂತೆ ಕಂಡು ಹಳಿಯ ಮೇಲೆ ಓಡಿದರೆ ಮಕ್ಕಳಿಗೆ ತೃಪ್ತಿ. ಮಾದರಿಯಾದರೋ, ಇಂಥದೇ ಎಂಜಿನ್ನು ಇಂಥ ಕಾಲದಲ್ಲಿ ಹೀಗಿತ್ತು ಎಂದು ಸಾರಬೇಕು. ಬ್ರಿಟನ್ನಿನಲ್ಲಿ ಇಂಥ ಮಾದರಿಗಳನ್ನು ಕೂಡಿಡುವ ಹವ್ಯಾಸಿಗಳು ಬಹು ಮಂದಿ ಇದ್ದಾರೆ. ಹೊಸದೊಂದು ಉಗಿ ಎಂಜಿನ್ನಿನ ಮಾದರಿ ಅಲ್ಲಿನ ಅಂಗಡಿಗೆ ಬಂದಾಗ ಅದರ ಬೆಲೆ ಇನ್ನೂರು ಪೌಂಡುಗಳ ಆಸುಪಾಸಿನಲ್ಲಿರುವುದು ಇಂದು ಅಪರೂಪವಲ್ಲ. ಅಷ್ಟು ಹಣ ತೆರುವವನು ಮೂರು ಪ್ರಶ್ನೆಗಳನ್ನು ಕೇಳುವುದು ಸಹಜ. ಇದು ಮೂಲವನ್ನು ಎಷ್ಟು ಹೋಲುತ್ತದೆ? ಎಷ್ಟು ಚೆನ್ನಾಗಿ ಓಡಿ ಎಷ್ಟು ಕಾಲ ಬಾಳುತ್ತದೆ? ಕೇಳುವ ಬೆಲೆಗೆ ತಕ್ಕುದೇ?

ಈ ಪ್ರಶ್ನೆಗಳಿಗೆ ಅಭಿರುಚಿಯೊಂದೇ ಉತ್ತರ ಹೇಳಲಾರದು. ಭೌತಶಾಸ್ತ್ರವೂ ಸ್ವಲ್ಪ ಹೇಳಬಲ್ಲದು. ಒಂದು ವಸ್ತುವನ್ನು ಕುಗ್ಗಿಸಿದಾಗ ಅದರ ಎಲ್ಲ ಗುಣಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಆದುದರಿಂದ ಎಲ್ಲ ವಿಷಯಗಳಲ್ಲಿಯೂ ಮೂಲಕ್ಕೆ ಸಮನಾದ ಮಾದರಿ ಸಾಧ್ಯವೇ ಇಲ್ಲ. ಯಾವ ಹೋಲಿಕೆಗೆ ಹಣ ಕೊಡಬೇಕು, ಯಾವ ಕೊರತೆಯನ್ನು ಸಹಿಸಬಹುದು ಎಂಬುದನ್ನೇ ನಾವು ಇಲ್ಲಿ ಪರಿಶೀಲಿಸೋಣ.

ಪ್ರಮಾಣದ ಲೆಕ್ಕ

ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ‘ಓಓ’ ಎಂದು ಹೆಸರು. ಇದರಲ್ಲಿ ಮೂಲದ ಒಂದು ಅಡಿಯನ್ನು ಮಾದರಿಯಲ್ಲಿ ೪ ಮಿಲಿಮೀಟರಿನಿಂದ ಸೂಚಿಸುತ್ತಾರೆ. ಒಂದು ಅಡಿಯೆಂದರೆ ೩೦೪.೮ ಮಿ.ಮೀ. ಆದ್ದರಿಂದ ಈ ಪ್ರಮಾಣ ೧:೭೬.೨ ಆಗುತ್ತದೆ.

‘ಮ್ಯಾಲರ್ಡ್’ ಎಂಬ ಪ್ರಸಿದ್ಧ ಉಗಿ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೩೮ರ ಜುಲೈ ೩ರಂದು ಅದು ಗಂಟೆಗೆ ೧೨೬ ಮೈಲಿ, ಎಂದರೆ ಸುಮಾರು ೨೦೩ ಕಿಲೋಮೀಟರು ವೇಗದಲ್ಲಿ ಓಡಿ ಉಗಿ ಎಂಜಿನ್ನುಗಳ ದಾಖಲೆಯನ್ನು ಸ್ಥಾಪಿಸಿತು. ಅದರ ಚಾಲಕ ಗಾಲಿಗಳ ವ್ಯಾಸ ೬ ಅಡಿ ೮ ಅಂಗುಲ. ಓಓ ಮಾದರಿಯಲ್ಲಿ ಅದು ೨೬.೭ ಮಿ.ಮೀ. ಇರಬೇಕು. ಅದೇ ೧೯೩೮ರಲ್ಲಿ, ಫ್ರಾಂಕ್ ಹಾರ್ನ್‌ಬಿ ಸ್ಥಾಪಿಸಿದ್ದ ಮೆಕ್ಯಾನೋ ಸಂಸ್ಥೆಯು ಇದೇ ವರ್ಗಕ್ಕೆ ಸೇರಿದ ‘ಸರ್ ನೈಜೆಲ್ ಗ್ರೆಸ್ಲಿ’ ಎಂಜಿನ್ನಿನ ಮಾದರಿಯನ್ನು ‘ಹಾರ್ನ್‌ಬಿ ಡಬ್ಲೋ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಂದಿನಿಂದ ಇಂದಿನವರೆಗೆ ಈ ವರ್ಗದ ಮಾದರಿಗಳು ಮತ್ತೆ ಮತ್ತೆ ಹೊಸದಾಗಿ ಬರುತ್ತಲೇ ಇವೆ.

ಹಳಿಯಲ್ಲಿ ಅಡಗಿರುವ ತಪ್ಪು

ಬ್ರಿಟನ್ನಿನ ಹಳಿಗಳ ನಡುವಣ ಅಂತರ ೪ ಅಡಿ ೮½ ಅಂಗುಲ, ಎಂದರೆ ೧೪೩೫ ಮಿ.ಮೀ. ಇದನ್ನು ೭೬.೨ರಿಂದ ಭಾಗಿಸಿದರೆ ೧೮.೮೩ ಮಿ.ಮೀ. ಬರುತ್ತದೆ. ಆದರೆ ಓಓ ಹಳಿಗಳ ಅಂತರ ೧೬.೫ ಮಿ.ಮೀ. ಮಾತ್ರ. ಇದನ್ನು ಮೂಲದ ಗಾತ್ರಕ್ಕೆ ಹಿಗ್ಗಿಸಿದರೆ ೪ ಅಡಿ ೧½ ಅಂಗುಲವಾಗುತ್ತದೆ. ಶೇಕಡಾ ೧೨ಕ್ಕಿಂತಲೂ ಹೆಚ್ಚಿನ ಈ ತಪ್ಪು ಓಓ ಪ್ರಮಾಣದ ಹುಟ್ಟಿನೊಡನೆಯೇ ಬಂದದ್ದು.

ಇದಕ್ಕೆ ಕಾರಣವಿದೆ. ಯುರೋಪಿನ ಇತರ ದೇಶಗಳಲ್ಲಿ ಒಂದು ಅಡಿಗೆ ೩.೫ ಮಿ.ಮೀ. ಎಂಬ ‘ಎಚ್‌ಓ’ ಪ್ರಮಾಣ, ಎಂದರೆ ೧:೮೭, ರೂಢಿಗೆ ಬಂದಿತು. ಅದಕ್ಕೆ ೧೬.೫ ಮಿ.ಮೀ. ಹಳಿ ಸರಿಯಾಗಿ ಹೊಂದುತ್ತದೆ. ಆದರೆ ಬ್ರಿಟನ್ನಿನ ಸುರಂಗಗಳೂ ಸೇತುವೆಗಳೂ ಇಕ್ಕಟ್ಟಾದುದರಿಂದ ಅಲ್ಲಿನ ಎಂಜಿನ್ನುಗಳು ಉಳಿದ ಯುರೋಪಿನವಕ್ಕಿಂತ ಚಿಕ್ಕವು. ೧೯೨೦ ಮತ್ತು ೧೯೩೦ರ ದಶಕಗಳಲ್ಲಿ ದೊರೆಯುತ್ತಿದ್ದ ವಿದ್ಯುತ್ ಮೋಟಾರನ್ನು ಅಷ್ಟು ಚಿಕ್ಕ ಒಡಲೊಳಗೆ ಕೂರಿಸುವುದು ಕಷ್ಟವಾಯಿತು. ತಯಾರಕರು ಹಳಿಯನ್ನು ಹಾಗೆಯೇ ಉಳಿಸಿಕೊಂಡು ಎಂಜಿನ್ನಿನ ಒಡಲನ್ನು ಮಾತ್ರ ಅಡಿಗೆ ೪ ಮಿ.ಮೀ.ಗೆ ಹಿಗ್ಗಿಸಿದರು. ಮೋಟಾರು ಮುಂದೆ ಚಿಕ್ಕದಾಯಿತು. ಆದರೆ ಅಷ್ಟರಲ್ಲಿ ಮನೆಮನೆಗಳಲ್ಲಿ ಆ ಹಳಿ ಹಾಸಿಹೋಗಿತ್ತು.

ಈ ತಪ್ಪನ್ನು ಸಹಿಸದವರು ೧೮.೨ ಮಿ.ಮೀ. ಅಥವಾ ೧೮.೮೩ ಮಿ.ಮೀ. ಹಳಿಗಳನ್ನು ತಾವೇ ಹಾಕಿಕೊಂಡು, ಕೊಂಡ ಎಂಜಿನ್ನುಗಳ ಗಾಲಿಗಳನ್ನು ಬದಲಿಸುವುದುಂಟು. ಉಳಿದ ಬಹುಸಂಖ್ಯಾತರು ೨.೩೩ ಮಿ.ಮೀ. ತಪ್ಪನ್ನು ಹಳಿಯಲ್ಲಿ ಸಹಿಸಿಕೊಂಡೇ, ೬ ಅಡಿ ವ್ಯಾಸದ ಬಾಯ್ಲರು ೨೪ ಮಿ.ಮೀ. ಇರುವುದಕ್ಕೆ ಬದಲಾಗಿ ೨೪.೫ ಇದೆಯೆಂದು ಹೊಸ ಮಾದರಿಯನ್ನು ತಿರಸ್ಕರಿಸುತ್ತಾರೆ. ಮೇಲುನೋಟಕ್ಕೆ ಇದು ವಿಚಿತ್ರ. ಆದರೆ ವಿಚಾರ ಮಾಡಿದರೆ ಇದರಲ್ಲೊಂದು ನ್ಯಾಯವಿದೆ. ಹಳಿಯ ತಪ್ಪು ಎಲ್ಲ ಮಾದರಿಗಳಿಗೂ ಸಮಾನ. ಅದರಿಂದಲೇ ಯಾರ ಎಂಜಿನ್ನಾದರೂ ಯಾರ ಹಳಿಯ ಮೇಲಾದರೂ ಓಡಬಲ್ಲದು. ಬಾಯ್ಲರಿನ ತಪ್ಪು ಒಂದೇ ಮಾದರಿಯದು; ಇತರ ಎಂಜಿನ್ನುಗಳ ಪಕ್ಕದಲ್ಲಿ ನಿಲ್ಲಿಸಿದೊಡನೆ ಕಣ್ಣಿಗೆ ಚುಚ್ಚುತ್ತದೆ.

ಇದೇ ಲೆಕ್ಕ ನಮ್ಮ ದೇಶದ ಬಂಡಿಗಳಿಗೂ ಅನ್ವಯಿಸುತ್ತದೆ. ಭಾರತದ ಬ್ರಾಡ್‌ಗೇಜ್ ೧೬೭೬ ಮಿ.ಮೀ.; ೧:೮೭ ಪ್ರಮಾಣದಲ್ಲಿ ಅದು ೧೯.೨ ಮಿ.ಮೀ. ಆಗಬೇಕು. ಅಂಥ ಎಂಜಿನ್ನಿನ ಮಾದರಿಯನ್ನು ೧೬.೫ ಮಿ.ಮೀ. ಹಳಿಯ ಮೇಲೆ ನಿಲ್ಲಿಸಿದರೆ ತಪ್ಪು ಸುಮಾರು ಶೇಕಡಾ ೧೪. ಮೈಸೂರು ಸೀಮೆಯಲ್ಲಿ ಬಹುಕಾಲ ಓಡಿದ ಮೀಟರ್‌ಗೇಜ್ ಬಂಡಿಗಳಿಗಾದರೆ ೧೧.೫ ಮಿ.ಮೀ. ಬೇಕು, ಯುರೋಪಿನ ಮೀಟರ್‌ಗೇಜ್ ಮಾದರಿಗಳಿಗೆ ಬಳಸುವ ೧೨ ಮಿ.ಮೀ. ಹಳಿಯಲ್ಲಿ ಅವುಗಳ ತಪ್ಪು ಶೇಕಡಾ ೫ರೊಳಗೇ ಉಳಿಯುತ್ತದೆ.

ತಿರುವಿನ ನಿರ್ಬಂಧ

ಮನೆಯ ಮೇಜಿನ ಮೇಲೆ ಹಾಸುವ ಸಿದ್ಧ ಹಳಿಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ತಿರುವಿನ ತ್ರಿಜ್ಯ ೪೩೮ ಮಿ.ಮೀ. ಮೂಲದ ಗಾತ್ರದಲ್ಲಿ ಇದು ಸುಮಾರು ೩೩ ಮೀಟರು. ವೇಗದ ರೈಲು ಓಡುವ ಮುಖ್ಯಮಾರ್ಗದ ತಿರುವುಗಳಿಗೆ ನೂರಾರು ಮೀಟರುಗಳ ತ್ರಿಜ್ಯವಿರುತ್ತದೆ. ೪೦೦ ಮೀಟರಿನ ತಿರುವನ್ನು ಪ್ರಮಾಣಕ್ಕೆ ಸರಿಯಾಗಿ ಹಾಸಲು ೫ ಮೀಟರಿಗೂ ಮೀರಿದ ತ್ರಿಜ್ಯ ಬೇಕು. ಅಂಥ ಕೋಣೆ ಎಷ್ಟು ಮನೆಗಳಲ್ಲಿ ದೊರೆತೀತು?

ಆದ್ದರಿಂದ ತಯಾರಕನು ಗಾಲಿಗಳಿಗೆ ಅಕ್ಕಪಕ್ಕ ಸರಿಯುವ ಸಡಿಲ ಕೊಡಬೇಕು. ಗಾಲಿಯ ಹತ್ತಿರದ ಕೊಳವೆಗಳನ್ನು ತುಂಡರಿಸಬೇಕು. ಎಂಜಿನ್ನಿಗೂ ಅದರ ಹಿಂದಿನ ಟೆಂಡರಿಗೂ ನಡುವೆ ಮೂಲಕ್ಕಿಂತ ಹೆಚ್ಚು ಎಡೆ ಬಿಡಬೇಕು. ಇವೆಲ್ಲವೂ ಅಜಾಗ್ರತೆಯ ಫಲಗಳಲ್ಲ, ತಿಳಿದು ಮಾಡಿದ ತ್ಯಾಗಗಳು. ಗಾಜಿನ ಬೀರುವಿನಲ್ಲಿ ನಿಲ್ಲಿಸುವವನಿಗೆ ಈ ತ್ಯಾಗದಿಂದ ನಷ್ಟ, ಓಡಿಸುವವನಿಗೆ ಲಾಭ. ಎಡೆಯನ್ನು ಹೆಚ್ಚು ಕಡಿಮೆ ಮಾಡಬಲ್ಲ ಜೋಡಣೆಯಿದ್ದರೆ ಇಬ್ಬರಿಗೂ ಅನುಕೂಲ.

ಭಾರ ಮತ್ತು ಜಡತ್ವ

ಉದ್ದವು ೭೬.೨ ಪಾಲು ಕುಗ್ಗಿದರೆ ಗಾತ್ರವು ಅದರ ಘನದಷ್ಟು, ಎಂದರೆ ಸುಮಾರು ೪,೪೨,೦೦೦ ಪಾಲು ಕುಗ್ಗುತ್ತದೆ. ಟೆಂಡರೂ ಸೇರಿ ಸುಮಾರು ೧೬೫ ಟನ್ ತೂಗುವ ಮ್ಯಾಲರ್ಡ್ ಎಂಜಿನ್ನು ಈ ಲೆಕ್ಕದಂತೆ ೩೭೫ ಗ್ರಾಮಿನಷ್ಟಾಗುತ್ತದೆ. ಪ್ಲಾಸ್ಟಿಕ್ಕಿನ ಒಡಲು ಇದಕ್ಕಿಂತ ಬಹಳ ಹಗುರ. ಗಾಲಿಗಳು ಜಾರದೆ ಬಂಡಿಗಳನ್ನು ಎಳೆಯಬೇಕಾದರೆ ಭಾರ ಬೇಕು. ಅದಕ್ಕಾಗಿ ಒಳಗೆ ಲೋಹದ ದಿಂಡನ್ನು ಇಡುತ್ತಾರೆ. ಹಿಂದೆ ಬರುವ ಬಂಡಿಗಳ ಅಚ್ಚುಗಳ ತುದಿಯನ್ನು ಸೂಜಿಯಂತೆ ಚೂಪು ಮಾಡುವುದೂ ಇದೇ ಉದ್ದೇಶದಿಂದ. ಘರ್ಷಣೆಯು ಅಕ್ಷಕ್ಕೆ ಸಮೀಪದಲ್ಲೇ ನಡೆದರೆ ಗಾಲಿಯನ್ನು ತಡೆಯುವ ಅದರ ಪ್ರಭಾವ ಅಲ್ಪವಾಗುತ್ತದೆ.

ಜಡತ್ವದ ವಿಷಯ ಇನ್ನೂ ಕುತೂಹಲಕರ. ಚಾಲಕಶಕ್ತಿಯನ್ನು ನಿಲ್ಲಿಸಿದ ಮೇಲೆ ಬಂಡಿ ಉರುಳುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮಾದರಿಯ ವೇಗ ೭೬ರಲ್ಲಿ ಒಂದು ಪಾಲಾದರೆ ಈ ದೂರ ಸುಮಾರು ೫೮೦೦ರಲ್ಲಿ ಒಂದು ಪಾಲಾಗುತ್ತದೆ. ಮೂಲದ ರೈಲು ಒಂದು ಕಿಲೋಮೀಟರು ಉರುಳಿ ನಿಲ್ಲುವುದಾದರೆ, ಪ್ರಮಾಣಕ್ಕೆ ಸರಿಯಾಗಿ ಮಾದರಿಯು ೧೩ ಮೀಟರು ಉರುಳಬೇಕು. ಆದರೆ ಭಾರಕ್ಕೂ ಘರ್ಷಣೆಗೂ ಇರುವ ನಿಷ್ಪತ್ತಿ ಮೂಲದಲ್ಲಿದ್ದಂತೆಯೇ ಇದ್ದರೂ ಅದು ಉರುಳುವುದು ೧೭ ಸೆಂಟಿಮೀಟರು ಮಾತ್ರ! ವಾಸ್ತವವಾಗಿ ಮಾದರಿಯ ಘರ್ಷಣೆ ಹೆಚ್ಚಾದುದರಿಂದ ಅಷ್ಟೂ ಉರುಳದು. ಅಗ್ಗದ ಎಂಜಿನ್ನು ತಟ್ಟನೆ ಹೊರಟು ತಟ್ಟನೆ ನಿಲ್ಲುವುದಕ್ಕೆ ಇದೇ ಕಾರಣ. ಮೋಟಾರಿನ ಅಚ್ಚಿಗೆ ಹಿತ್ತಾಳೆಯ ಫ್ಲೈವೀಲನ್ನು ತೊಡಿಸಿದರೆ, ವೇಗವಾಗಿ ತಿರುಗುವ ಆ ಚಕ್ರದಲ್ಲಿ ಸಂಗ್ರಹವಾದ ಶಕ್ತಿಯು ನಿಲುಗಡೆಯನ್ನು ಮೃದುಗೊಳಿಸುತ್ತದೆ. ಹೊರಗಿನಿಂದ ಕಾಣದ ಈ ಚಕ್ರಕ್ಕೆ ತೆತ್ತ ಹಣ ವ್ಯರ್ಥವಲ್ಲ.

ಕಣ್ಣಿನ ಮಿತಿ

ಆರೋಗ್ಯವಂತ ಕಣ್ಣು ಒಂದು ಕೋನದ ಮಿನಿಟಿನಷ್ಟು ಅಂತರವನ್ನು ಬೇರ್ಪಡಿಸಿ ಕಾಣಬಲ್ಲದು. ೨೫ ಸೆಂಟಿಮೀಟರು ದೂರದಲ್ಲಿ ಇದು ೦.೦೭ ಮಿ.ಮೀ.; ಒಂದು ಮೀಟರು ದೂರದಲ್ಲಿ ೦.೨೯ ಮಿ.ಮೀ. ಮೂಲದಲ್ಲಿ ಒಂದು ಅಂಗುಲವಿರುವ ರಿವೆಟ್ಟಿನ ತಲೆ ಮಾದರಿಯಲ್ಲಿ ೦.೩೩ ಮಿ.ಮೀ. ಆಗುತ್ತದೆ. ಕೈಯಲ್ಲಿ ಹಿಡಿದಾಗ ಅದು ಸ್ಪಷ್ಟ. ಒಂದು ಮೀಟರು ದೂರದಿಂದ ಕಂಡೂ ಕಾಣದಂತಿರುತ್ತದೆ. ಅದಕ್ಕಿಂತ ಸಣ್ಣದನ್ನು ಓಡುವ ರೈಲಿನಲ್ಲಿ ಯಾರೂ ಗುರುತಿಸಲಾರರು. ಅಂದಮೇಲೆ ತಾನು ಎಷ್ಟು ದೂರದಿಂದ ನೋಡುವೆನೆಂಬುದನ್ನು ಕೊಳ್ಳುವವನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಕೆಲವು ಸೂಕ್ಷ್ಮಗಳನ್ನು ಪದಾರ್ಥವೇ ಒಪ್ಪದು. ಕಾಲು ಅಂಗುಲದ ಉಕ್ಕಿನ ತಗಡು ಮಾದರಿಯಲ್ಲಿ ೦.೦೮ ಮಿ.ಮೀ. ಆಗಬೇಕು. ಅಷ್ಟು ಕಿರಿದಾದ ಸಂದಿನಲ್ಲಿ ಕರಗಿದ ಪ್ಲಾಸ್ಟಿಕ್ಕು ಚೆನ್ನಾಗಿ ಹರಿದು ತುಂಬಲಾರದು. ಆದುದರಿಂದ ಪ್ಲಾಸ್ಟಿಕ್ಕಿನ ಗೋಡೆ ದಪ್ಪನಾಗಿ, ಅದರ ಅಂಚನ್ನಷ್ಟೇ ತೆಳ್ಳಗೆ ಸವರಿರುತ್ತಾರೆ. ಅಥವಾ ಆ ಭಾಗವನ್ನು ಆಮ್ಲದಿಂದ ಕೊರೆದ ಹಿತ್ತಾಳೆಯ ತಗಡಿನಿಂದ ಮಾಡುತ್ತಾರೆ.

ಬೆಲೆಯ ಮೂಲ

ಮಾದರಿಯ ಬೆಲೆಯಲ್ಲಿ ಎರಡು ಬಗೆಯ ವೆಚ್ಚಗಳಿವೆ. ಉಕ್ಕಿನ ಅಚ್ಚುಗಳನ್ನು ಕೊರೆಯುವ ವೆಚ್ಚ ಒಮ್ಮೆ ಮಾತ್ರ ಬರುವುದು. ಜೋಡಿಸಿ ಬಣ್ಣ ಹಚ್ಚುವ ವೆಚ್ಚ ಪ್ರತಿಯೊಂದು ಮಾದರಿಗೂ ಬರುವುದು. ಲೆಕ್ಕದ ಸೌಕರ್ಯಕ್ಕಾಗಿ ಅಚ್ಚುಗಳಿಗೆ ಒಂದು ಲಕ್ಷ ಪೌಂಡುಗಳೆಂದು ಭಾವಿಸೋಣ. ಹತ್ತು ಸಾವಿರ ಮಾದರಿಗಳು ಮಾರಿಹೋದರೆ ಒಂದೊಂದರ ಮೇಲೆ ಬೀಳುವ ಪಾಲು ಹತ್ತು ಪೌಂಡು. ಎರಡು ಸಾವಿರ ಮಾತ್ರ ಮಾರಿದರೆ ಐವತ್ತು ಪೌಂಡು. ಕೆಲಸ ಒಂದೇ, ಗುಣ ಒಂದೇ. ಆದರೂ ಬೆಲೆಯಲ್ಲಿ ನಲವತ್ತು ಪೌಂಡುಗಳ ಅಂತರ. ಜನಪ್ರಿಯವಲ್ಲದ ಎಂಜಿನ್ನಿನ ಮಾದರಿ ದುಬಾರಿಯಾಗುವುದು ಹೀಗೆ. ಅಚ್ಚಿನ ವೆಚ್ಚ ಮೊದಲೇ ತೀರಿಹೋದ ಹಳೆಯ ಮಾದರಿಯನ್ನು ಅಗ್ಗವಾಗಿ ಮಾರಬಹುದಾದುದೂ ಹೀಗೆಯೇ.

ಎರಡನೆಯ ವೆಚ್ಚ ಬಿಡಿಭಾಗಗಳ ಸಂಖ್ಯೆಯೊಡನೆ ಏರುತ್ತದೆ. ಕೈಹಿಡಿಯ ಸರಳು ಒಡಲಿನ ಅಚ್ಚಿನಲ್ಲೇ ಉಬ್ಬಾಗಿ ಬಂದಿದ್ದರೆ ಅದಕ್ಕೆ ಬೇರೆ ಕೂಲಿಯಿಲ್ಲ. ಅದನ್ನು ತಂತಿಯಿಂದ ಮಾಡಿ, ಕೈಯಿಂದಲೇ ರಂಧ್ರಗಳಲ್ಲಿ ತೂರಿಸಿ ಕೂರಿಸಬೇಕಾದರೆ ಪ್ರತಿಯೊಂದು ಸರಳಿಗೂ ಕಾಲ ಬೇಕು. ಇಂಥ ಡಜನ್ನುಗಟ್ಟಲೆ ಭಾಗಗಳು ಸೇರಿದಾಗ ಬೆಲೆ ಏರುವುದು ಅನಿವಾರ್ಯ. ಜೊತೆಗೆ, ಎತ್ತಿ ಹಿಡಿದಾಗ ಮುರಿಯಬಲ್ಲ ಭಾಗಗಳೂ ಅಷ್ಟೇ ಹೆಚ್ಚುತ್ತವೆ.

ಕಾಣದ ಗುಣವೊಂದನ್ನು ಇಲ್ಲಿ ಹೇಳಲೇಬೇಕು. ಮಾದರಿಯ ಅಡಿಕಟ್ಟನ್ನೂ ಭಾರದ ದಿಂಡನ್ನೂ ಬಹುವಾಗಿ ಸತುವಿನ ಮಿಶ್ರಲೋಹದಿಂದ ಎರಕ ಹೊಯ್ಯುತ್ತಾರೆ. ಅದರಲ್ಲಿ ಸೀಸವು ಅತ್ಯಲ್ಪವಾಗಿ ಬೆರೆತಿದ್ದರೂ ಲೋಹದ ಕಣಗಳ ಸಂದುಗಳಲ್ಲಿ ನಿಧಾನವಾದ ಸವೆತ ತೊಡಗುತ್ತದೆ. ಎರಕವು ವರ್ಷಗಳಾದ ಮೇಲೆ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಅನೇಕ ಮಾದರಿಗಳು ಹೀಗೆ ನಾಶವಾದವು. ಎಷ್ಟು ನಿಖರವಾದ ಮಾದರಿಯಾದರೂ ಲೋಹ ಅಶುದ್ಧವಾಗಿದ್ದರೆ ಬಾಳದು. ಹಳೆಯದನ್ನು ಕೊಳ್ಳುವಾಗ ಅಡಿಭಾಗದಲ್ಲಿ ಬಿರುಕು, ಬಾಗುಗಳಿವೆಯೇ ಎಂದು ನೋಡುವುದು ಅವಶ್ಯ.

ಕೊಳ್ಳುವವನ ಪರೀಕ್ಷೆ

ಇಷ್ಟು ವಿಚಾರ ಮಾಡಿದ ಮೇಲೆ ಒಂದು ಸರಳ ನಿಯಮ ದೊರೆಯುತ್ತದೆ. ಮಾದರಿಯ ಕೊರತೆಗಳನ್ನು ಎರಡು ರಾಶಿ ಮಾಡಬೇಕು: ಮುಂದೆ ತಿದ್ದಬಹುದಾದವು, ಎಂದಿಗೂ ತಿದ್ದಲಾಗದವು. ಇಲ್ಲದ ಕೊಳವೆಯನ್ನು ತಂತಿಯಿಂದ ಮಾಡಿ ಸೇರಿಸಬಹುದು. ಹೊಳಪು ಹೆಚ್ಚಾದ ಬಣ್ಣವನ್ನು ಮಂಕು ಮಾಡಬಹುದು. ಆದರೆ ಗಾಲಿಗಳ ನಡುವಣ ಅಂತರ, ಬಾಯ್ಲರಿನ ಗಾತ್ರ, ಮೋಟಾರಿನ ಗುಣ, ಎರಕದ ಶುದ್ಧತೆ, ಇವು ತಪ್ಪಿದರೆ ತಪ್ಪಿದವೇ. ಹಿಂದಿನ ಕಾಲದಲ್ಲಿ ವೆಚ್ಚ ಉಳಿಸಲು ಒಂದೇ ಅಡಿಕಟ್ಟಿನ ಮೇಲೆ ಬೇರೆ ಬೇರೆ ಎಂಜಿನ್ನುಗಳ ಒಡಲುಗಳನ್ನು ಕೂರಿಸುತ್ತಿದ್ದುದುಂಟು. ಅಂಥ ಮಾದರಿಗೆ ಎಷ್ಟೇ ಅಲಂಕಾರ ಮಾಡಿದರೂ ಮೂಲದ ನಿಲುವು ಬಾರದು.

ಆದುದರಿಂದ ಹೊಸ ಮಾದರಿಯೊಂದು ಕೈಗೆ ಬಂದಾಗ ರಿವೆಟ್ಟುಗಳನ್ನು ಎಣಿಸುವುದಕ್ಕೆ ಮೊದಲು, ಮೂಲ ಎಂಜಿನ್ನಿನ ನಕ್ಷೆಯನ್ನು ಎದುರಿಗಿಟ್ಟುಕೊಂಡು ಗಾಲಿಗಳ ಕೇಂದ್ರಗಳ ಅಂತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. ಆಮೇಲೆ ತಕ್ಕಡಿಯಲ್ಲಿಟ್ಟು ತೂಗಬೇಕು. ಕೊನೆಗೆ, ತನ್ನ ಮನೆಯ ತಿರುವಿನಷ್ಟೇ ಬಿಗಿಯಾದ ತಿರುವಿನಲ್ಲಿ ಅತಿ ನಿಧಾನವಾಗಿ ಓಡಿಸಿ ನೋಡಬೇಕು. ಈ ಮೂರರಲ್ಲಿ ಗೆದ್ದ ಮಾದರಿಗೆ ನಾಲ್ಕು ಕೊಳವೆಗಳು ಕಡಿಮೆಯಿದ್ದರೂ ಕೇಳಿದ ಬೆಲೆ ಕೊಡಬಹುದು. ಸೋತ ಮಾದರಿಯಲ್ಲಿ ನೂರು ಸೂಕ್ಷ್ಮಗಳಿದ್ದರೂ ಹಣವನ್ನು ಜೇಬಿನಲ್ಲೇ ಉಳಿಸಿಕೊಳ್ಳುವುದು ಲೇಸು.