ನೇತ್ರಾಣಿಯ ಕಡಲು ಕಲಿಸುವ ಲೆಕ್ಕ: ಋತುಮಾನದ ಉದ್ಯಮವೊಂದರ ಅಧ್ಯಯನ

ಕಡಲೆಕಾಯಿ ಸುಗ್ಗಿ ಮುಗಿದೊಡನೆ ಎಣ್ಣೆ ಮಿಲ್ಲಿನ ಸದ್ದು ಅಡಗುತ್ತದೆ. ಆದರೆ ಬ್ಯಾಂಕಿನ ಬಡ್ಡಿ, ಗೋದಾಮಿನ ಬಾಡಿಗೆ, ಗುಮಾಸ್ತರ ಸಂಬಳ ನಿಲ್ಲುವುದಿಲ್ಲ. ಹುಣಸೆ ವ್ಯಾಪಾರದ ಪಾಡೂ ಇದೇ. ಆದುದರಿಂದ ಋತುಮಾನದ ಉದ್ಯಮವೆಂದರೇನೆಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ವರ್ತಕ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಮಳೆಗಾಲವಿಡೀ ಬಾಗಿಲು ಮುಚ್ಚಬೇಕಾದ, ಗಾಳಿ ಎದ್ದ ದಿನ ಬಂದ ಗ್ರಾಹಕರನ್ನೇ ಹಿಂದಕ್ಕೆ ಕಳುಹಿಸಬೇಕಾದ ಉದ್ಯಮವೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಅದರ ಲೆಕ್ಕವನ್ನು ಪರಿಶೀಲಿಸುವುದು ಉಪಯುಕ್ತ.

1. ಉದ್ಯಮದ ಸ್ವರೂಪ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಕರಾವಳಿಯಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಪಾರಿವಾಳ ದ್ವೀಪವೆಂದೂ ಇದನ್ನು ಕರೆಯುವರು. ಇಲ್ಲಿ ಜನವಸತಿ ಇಲ್ಲ. ಪ್ರವಾಸಿಗರು ಮುರುಡೇಶ್ವರದಲ್ಲಿ ತಂಗಿ, ದೋಣಿಯಲ್ಲಿ ಹೋಗಿ, ದ್ವೀಪದ ಸುತ್ತಲಿನ ಹವಳ ಹಾಗೂ ಬಣ್ಣದ ಮೀನುಗಳನ್ನು ನೋಡಲು ಸ್ಕೂಬಾ ಡೈವಿಂಗ್ ಮಾಡುತ್ತಾರೆ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಇದರ ಋತು. ಈಜು ಬಾರದವರೂ ತರಬೇತುದಾರರ ಜೊತೆಯಲ್ಲಿ ಮಿತವಾದ ಆಳಕ್ಕೆ ಇಳಿಯಬಹುದು. ಡೈವಿಂಗ್ ಸಂಸ್ಥೆಯೊಂದಿಗೆ ದೋಣಿಯವರು, ವಸತಿಗೃಹ, ಊಟದ ಹೋಟೆಲು, ಟ್ಯಾಕ್ಸಿ ಇವೆಲ್ಲಕ್ಕೂ ಕೆಲಸ ದೊರೆಯುತ್ತದೆ.

2. ಸಿಲಿಂಡರಿನ ಲೆಕ್ಕ

1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಹಾಗೂ ಎಮಿಲ್ ಗ್ಯಾನ್ಯಾನ್ ರೂಪಿಸಿದ, ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ರೆಗ್ಯುಲೇಟರ್ ಈ ಕ್ರೀಡೆಗೆ ಅಡಿಪಾಯ. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 20 ಲೀಟರ್ ಬಳಸುವವನಿಗೆ ನೀರಿನ ಮೇಲೆ ಇದು ಎರಡು ಗಂಟೆಗೆ ಸಾಕು. ಆದರೆ ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ಬಾರ್ ಒತ್ತಡ ಹೆಚ್ಚುವುದರಿಂದ, 10 ಮೀಟರ್ ಆಳದಲ್ಲಿ ಗಾಳಿಯ ಬಳಕೆ ಇಮ್ಮಡಿಯಾಗುತ್ತದೆ. ಜೊತೆಗೆ 50 ಬಾರ್ ಗಾಳಿಯನ್ನು ಮುಟ್ಟದೆ ಮೀಸಲಿಡುವುದು ರೂಢಿ. ಉಳಿಯುವುದು 1,800 ಲೀಟರ್; ನಿಮಿಷಕ್ಕೆ 40ರಂತೆ 45 ನಿಮಿಷ ಮಾತ್ರ. 20 ಮೀಟರ್ ಆಳಕ್ಕಿಳಿದರೆ 30 ನಿಮಿಷ.

ದುಡಿಯುವ ಬಂಡವಾಳವೂ ಹೀಗೆಯೇ. ವ್ಯವಹಾರ ಆಳಕ್ಕಿಳಿದಷ್ಟೂ ಬೇಗ ಕರಗುತ್ತದೆ. ಮೀಸಲನ್ನು ಮೊದಲು ಬದಿಗಿರಿಸಿ ಉಳಿದುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವವನೇ ಮೇಲೆ ಬರುತ್ತಾನೆ.

3. ಹಣದ ಲೆಕ್ಕ

ಈಗ ಕೇವಲ ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ದೋಣಿ, ಕಂಪ್ರೆಸರ್, ಸಲಕರಣೆಗಳ ಸವಕಳಿ, ಬಡ್ಡಿ, ಸಂಬಳ, ವಿಮೆ ಸೇರಿ ವಾರ್ಷಿಕ ಸ್ಥಿರ ವೆಚ್ಚ ರೂ. 24 ಲಕ್ಷ. ಪ್ರತಿ ಅತಿಥಿಯಿಂದ ಶುಲ್ಕ ರೂ. 5,000. ಡೀಸೆಲ್, ಊಟ, ಏಜೆಂಟರ ಕಮಿಷನ್ ಮುಂತಾಗಿ ಬದಲಾಗುವ ವೆಚ್ಚ ರೂ. 2,000. ಸ್ಥಿರ ವೆಚ್ಚಕ್ಕೆ ಒದಗುವುದು ತಲಾ ರೂ. 3,000. ಲಾಭನಷ್ಟವಿಲ್ಲದ ಹಂತ ತಲುಪಲು 800 ಅತಿಥಿಗಳು ಬೇಕು.

ಇದನ್ನು 365 ದಿನಗಳಿಗೆ ಹಂಚಿದರೆ ದಿನಕ್ಕೆ ಮೂವರು ಸಾಕೆನಿಸುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಏಳೂವರೆ ತಿಂಗಳ ಋತುವಿನ 225 ದಿನಗಳಲ್ಲಿ ಗ್ರಾಹಕರಿಲ್ಲದ, ದುರಸ್ತಿಯ 75 ದಿನಗಳನ್ನು ಕಳೆದರೆ ಉಳಿಯುವುದು 150 ದಿನ. ಆಗ ದಿನಕ್ಕೆ ಆರು ಮಂದಿ ಬೇಕು.

ಆರು ಮಂದಿಯಂತೆ 134 ದಿನಗಳಲ್ಲಿ 800 ದಾಟುತ್ತದೆ. ಅಂದರೆ ಗಾಳಿ, ಅಲೆಗಳ ಕಾರಣ 16 ದಿನ ದೋಣಿ ಬಿಡದಿದ್ದರೂ ನಷ್ಟವಿಲ್ಲ. ಈ 16 ದಿನಗಳೇ ಉದ್ಯಮಿಯ 50 ಬಾರ್ ಗಾಳಿ. ಇಂತಹ ಮೀಸಲಿಲ್ಲದವನು ಹವಾಮಾನ ಕೆಟ್ಟ ದಿನವೂ ದೋಣಿ ಬಿಡುವ ಆಸೆಗೆ ಬೀಳುತ್ತಾನೆ.

4. ಸುರಕ್ಷತೆಯೇ ಬಂಡವಾಳ

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದರು. ಇದು ಡೈವಿಂಗ್‌ಗೆ ಸಂಬಂಧಿಸಿದ ಘಟನೆಯಲ್ಲ. ಆದರೂ ಆ ಬಳಿಕ ಕಡಲತೀರಕ್ಕೆ ಪ್ರವಾಸಿಗರ ಪ್ರವೇಶವನ್ನು ಕೆಲಕಾಲ ನಿರ್ಬಂಧಿಸಲಾಯಿತು. ಹೋದ ಜೀವಗಳಿಗೆ ಬೆಲೆ ಕಟ್ಟಲಾಗದು. ವ್ಯಾಪಾರದ ದೃಷ್ಟಿಯಿಂದ ನೋಡಿದರೂ, ಒಂದು ಅವಘಡವು ತಪ್ಪು ಮಾಡದವರ ಅಂಗಡಿಯನ್ನೂ ಮುಚ್ಚಿಸುತ್ತದೆ. ಆದುದರಿಂದ ತರಬೇತಿ ಪಡೆದ ಸಿಬ್ಬಂದಿ, ಸಿಲಿಂಡರುಗಳ ನಿಯತ ಪರೀಕ್ಷೆ, ಅತಿಥಿಯ ಆರೋಗ್ಯ ವಿಚಾರಣೆ, ಹೊಣೆಗಾರಿಕೆ ವಿಮೆ ಇವು ಖರ್ಚಿನ ಬಾಬ್ತುಗಳಲ್ಲ, ಬಂಡವಾಳ.

5. ನಮ್ಮ ಭಾಗಕ್ಕೆ ಅನ್ವಯ

ನಮಗೆ ಕಡಲಿಲ್ಲ. ಆದರೆ ಮಧುಗಿರಿಯ ಏಕಶಿಲಾ ಬೆಟ್ಟ ಮತ್ತು ಕೋಟೆ, ಮೈದನಹಳ್ಳಿಯ ಕೃಷ್ಣಮೃಗಗಳು, ಶಿರಾ ತಾಲ್ಲೂಕಿನ ಕಗ್ಗಲಡುವಿನ ಹಕ್ಕಿಗಳು, ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ಶನಿಮಹಾತ್ಮ ಸನ್ನಿಧಿ ಇವೆ. ಬಂಡೆ ನೆನೆದ ದಿನ ಬೆಟ್ಟ ಏರಿಸುವಂತಿಲ್ಲ. ಹಕ್ಕಿಗಳು ಬಾರದ ತಿಂಗಳಲ್ಲಿ ಕಗ್ಗಲಡುವಿಗೆ ಪ್ರವಾಸಿಗರು ಬಾರರು. ವಸತಿಗೃಹವನ್ನಾಗಲಿ, ಮಾರ್ಗದರ್ಶಕರ ಸೇವೆಯನ್ನಾಗಲಿ ಆರಂಭಿಸುವವರು ಸಂಬಂಧಪಟ್ಟ ಇಲಾಖೆಗಳ ಅನುಮತಿ ಪಡೆದು, ಮೊದಲು ನಿಜವಾದ ದುಡಿಮೆಯ ದಿನಗಳನ್ನು ಎಣಿಸಬೇಕು.

ಅಭ್ಯಾಸ: ಮೇಲಿನ ಉದಾಹರಣೆಯಲ್ಲಿ ಏಜೆಂಟರ ಕಮಿಷನ್ ತಲಾ ರೂ. 500 ಹೆಚ್ಚಾದರೆ ದಿನಕ್ಕೆ ಎಷ್ಟು ಅತಿಥಿಗಳು ಬೇಕು? ಮೀಸಲು ದಿನಗಳೆಷ್ಟು?

ಉತ್ತರ: ಒಟ್ಟು 960 ಅತಿಥಿಗಳು, ದಿನಕ್ಕೆ ಏಳು ಮಂದಿ, ಮೀಸಲು 12 ದಿನ. ಸದಸ್ಯರು ತಮ್ಮ ಮಿಲ್ಲು, ಮಂಡಿಗಳ ಅಂಕಿಗಳನ್ನು ಇದೇ ಕ್ರಮದಲ್ಲಿ ಬರೆದು ನೋಡುವುದು ಒಳಿತು.