ಪಡಸಾಲೆಯ ಹತ್ತು ಮೀಟರ್: ಏರ್ ಪಿಸ್ತೂಲಿನ ಲೆಕ್ಕಾಚಾರ

ಟಾರ್ಗೆಟ್ ಏರ್ ಪಿಸ್ತೂಲು ಒತ್ತಿಟ್ಟ ಗಾಳಿಯ ಬಲದಿಂದ 4.5 ಮಿ.ಮೀ. ದಪ್ಪದ ಸೀಸದ ಪೆಲೆಟ್ ಹಾರಿಸುವ ಕ್ರೀಡಾ ಸಾಧನ. ಚಾಚಿದ ಒಂದೇ ಕೈಯಲ್ಲಿ ಹಿಡಿದು 10 ಮೀಟರ್ ದೂರದಿಂದ ಹೊಡೆಯಬೇಕು. ಕಾರ್ಡಿನ ಕಪ್ಪು ವೃತ್ತದ ಅಗಲ 59.5 ಮಿ.ಮೀ.; ಅದರ ನಟ್ಟನಡುವೆ ಹತ್ತು ಅಂಕದ ವೃತ್ತ ಬರೀ 11.5 ಮಿ.ಮೀ. ಸ್ಪರ್ಧೆಯಲ್ಲಿ 75 ನಿಮಿಷದೊಳಗೆ 60 ಹೊಡೆತ ಮುಗಿಸಬೇಕು. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಪದಕಗಳಲ್ಲಿ ಪಾಲು ಪಡೆದದ್ದು, ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ತಂದದ್ದು ಇದೇ ಆಟದಲ್ಲಿ.

ಪ್ಯಾರಿಸ್ ಪದಕದ ಬೆನ್ನಿಗೇ ಮನು ಅವರ ಪಿಸ್ತೂಲಿನ ಬೆಲೆ ಕೋಟಿ ರೂಪಾಯಿ ಎಂಬ ಗಾಳಿಮಾತು ಹಬ್ಬಿತ್ತು. ಒಂದೂವರೆ ಲಕ್ಷದಿಂದ 1.85 ಲಕ್ಷದ ಆಸುಪಾಸು ಎಂದು ಮನು ಅವರೇ ಅದನ್ನು ತಿದ್ದಿದರು. ಸ್ಟೈಯರ್ ಎಲ್‌ಪಿ 10, ಮೊರಿನಿ ಸಿಎಂ 162, ವಾಲ್ಥರ್ ಎಲ್‌ಪಿ 500 ಮುಂತಾದ ಆಮದು ಪಿಸ್ತೂಲುಗಳು ಮೇಲಿನ ದರ್ಜೆಯವು. ಕೋಟಿಯಲ್ಲ ಎಂದು ತಿಳಿದು ಸಮಾಧಾನವಾದರೂ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಮನೆಗಳಿಗೆ ಒಂದೂವರೆ ಲಕ್ಷ ಸಣ್ಣ ಮೊತ್ತವೇನಲ್ಲ.

ಎರೆಹೊಲ ನಂಬಿದ ಮನೆಗಳಲ್ಲಿ ದುಡ್ಡು ಪಗಾರದ ಹಾಗೆ ತಿಂಗಳಿಗೊಮ್ಮೆ ಬರುವುದಿಲ್ಲ. ಮುಂಗಾರಿ ಹೆಸರು ಮಾರಿದಾಗ ಒಂದಿಷ್ಟು, ಹಿಂಗಾರಿ ಕಡಲೆ ಮಾರಿದಾಗ ಇನ್ನೊಂದಿಷ್ಟು. ಪೀಕು ಮಾರಿ ಬಂದ ದಿನ ಕೈತುಂಬ ಕಾಣುವ ಹಣದಲ್ಲಿ ಮುಂದಿನ ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಸೇರಿರುತ್ತದೆ. ಆ ಹಣಕ್ಕೆ ಹವ್ಯಾಸ ಕೈ ಹಾಕಬಾರದು. ಬೆಳೆ ಸಾಲವನ್ನು ಇದಕ್ಕೆ ತಿರುಗಿಸುವುದಾಗಲಿ, ಬಂಗಾರ ಅಡವಿಡುವುದಾಗಲಿ ಸರ್ವಥಾ ಸಲ್ಲದು. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ. ಹೀಗಾಗಿ ಸಣ್ಣ ಉಳಿತಾಯದ ದಾರಿ ಈ ಸೀಮೆಗೆ ಹೊಸತಲ್ಲ. ಪಿಗ್ಮಿ ಖಾತೆಗೆ ದಿನಕ್ಕೆ 50 ರೂಪಾಯಿ ಕಟ್ಟಿದರೆ ವರ್ಷಕ್ಕೆ 18,250 ರೂಪಾಯಿ ಆಗುತ್ತದೆ. ದಿನಕ್ಕೆ 100 ಕಟ್ಟಿದರೂ ಒಂದೂವರೆ ಲಕ್ಷ ಸೇರಲು ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಹವ್ಯಾಸಿಯ ಮೊದಲ ಪಿಸ್ತೂಲು ಮೇಲಿನ ದರ್ಜೆಯದಾಗಿರಬೇಕಿಲ್ಲ ಎಂಬುದು ಈ ಅಂಕಣಕಾರರ ಖಚಿತ ಅಭಿಪ್ರಾಯ.

ಬೆಲೆಯ ನಂತರ ನೋಡಬೇಕಾದದ್ದು ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು. ಮೇಲಿನ ದರ್ಜೆಯ ಪಿಸ್ತೂಲುಗಳಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್ ಇರುತ್ತದೆ. ಒಮ್ಮೆ ತುಂಬಿದರೆ ನೂರಕ್ಕೂ ಹೆಚ್ಚು ಹೊಡೆತ ಬರುತ್ತವೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಮುಟ್ಟುವುದೇ ಹೆಚ್ಚು, ಅದರಿಂದ ಕೆಲಸವಾಗದು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಅನ್ನಂತೂ ಎಂದಿಗೂ ತುಂಬಬಾರದು. ಒತ್ತಡದ ಆಕ್ಸಿಜನ್‌ಗೆ ಒಂದು ಹನಿ ಎಣ್ಣೆ ತಾಗಿದರೂ ಸಿಡಿಯಬಹುದು. ಉಳಿಯುವುದು ಇದಕ್ಕೆಂದೇ ಮಾಡಿದ ಕೈಪಂಪು. ಅದರ ಬೆಲೆ ಪಿಸ್ತೂಲಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ಸಿಲಿಂಡರಿಗೂ ಆಯುಷ್ಯವಿದೆ: ಅದರ ಮೇಲೆ ಒತ್ತಿದ ತಾರೀಖಿನಿಂದ ಸಾಮಾನ್ಯವಾಗಿ 10 ವರ್ಷ. ಬೇರೆ ಸಿಲಿಂಡರಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಪಂಪಾಗಲಿ ಸಿಲಿಂಡರಾಗಲಿ ಬೇಡದ ಇನ್ನೊಂದು ಬಗೆಯಿದೆ. ಕೆಳಗಿನ ಅಥವಾ ಮೇಲಿನ ಸನ್ನೆಯನ್ನು ಒಮ್ಮೆ ತೆರೆದು ಮುಚ್ಚಿದರೆ ಒಂದು ಹೊಡೆತಕ್ಕೆ ಸಾಕಾಗುವಷ್ಟು ಗಾಳಿ ಒಳಗೆ ಒತ್ತಿಕೊಳ್ಳುತ್ತದೆ. ರಷ್ಯಾದ ಬೈಕಲ್ ಐಝಡ್‌ಎಚ್ 46 ಎಂ, ಸ್ಪೇನಿನ ಗಾಮೊ ಕಾಂಪ್ಯಾಕ್ಟ್ ಈ ಜಾತಿಯವು. ಪ್ರತಿ ಹೊಡೆತಕ್ಕೂ ಸನ್ನೆ ಎಳೆಯಬೇಕು, 60 ಹೊಡೆತಕ್ಕೆ ರಟ್ಟೆ ಸೋಲುತ್ತದೆ, ನಿಜ. ಆದರೆ ರಿಪೇರಿಯೆಂದರೆ ಬಹುಪಾಲು ಸವೆದ ಸೀಲ್ ಬದಲಿಸುವುದಷ್ಟೇ. ದೊಡ್ಡ ಊರಿನಿಂದ ದೂರವಿರುವವರಿಗೆ ಇದು ದೊಡ್ಡ ಅನುಕೂಲ.

ಯಾವ ಬಗೆಯನ್ನೇ ಕೊಂಡರೂ ಹಿಡಿ ಕೈಗೆ ಕೂಡುವುದು ಎಲ್ಲಕ್ಕಿಂತ ಮುಖ್ಯ. ಮರದ ಹಿಡಿಗಳು ಎಡಗೈಗೆ, ಬಲಗೈಗೆ ಬೇರೆ ಬೇರೆ. ಅಳತೆಯಲ್ಲೂ ಸಣ್ಣದು, ನಡುವಿನದು, ದೊಡ್ಡದು ಎಂದಿವೆ. ಅಳತೆ ಸರಿಯಿದ್ದರೂ ಅಂಗೈಗುಳಿ, ಹೆಬ್ಬೆರಳಿನ ಬುಡ ಪೂರ್ತಿ ಕೂಡುವುದು ಅಪರೂಪ. ಈ ಅಂಕಣಕಾರರ ಪಿಸ್ತೂಲಿನ ಹಿಡಿಯಲ್ಲಿ ಉಂಗುರಬೆರಳಿನ ಕೆಳಗೆ ಅಕ್ಕಿಕಾಳಿನಷ್ಟು ಸಂದು ಉಳಿದಿತ್ತು. ಹೊಡೆತಗಳು ಬಿಡದೆ ಎಡಕ್ಕೆ ಸರಿಯುತ್ತಿದ್ದವು. ಬಡಿಗರು ಬಳಸುವ ಮರದ ಪುಟ್ಟಿಯನ್ನು ಆ ಜಾಗಕ್ಕೆ ಮೆತ್ತಿ, ಹಸಿಯಿರುವಾಗಲೇ ಬೆರಳು ಒತ್ತಿ ಅಚ್ಚು ಮೂಡಿಸಿ, ಒಣಗಿದ ಮೇಲೆ ಉಸುಕಿನ ಕಾಗದದಿಂದ ತಿಕ್ಕಿದ ಬಳಿಕ ಹೊಡೆತಗಳ ಗುಂಪು ನಡುವಿಗೆ ಬಂತು. ಖರ್ಚು ಒಂದು ಡಬ್ಬಿ ಪುಟ್ಟಿಯದು.

ಜಾಗಕ್ಕೆ ಈ ಭಾಗದ ಹಳೆಯ ಮನೆಗಳು ಹೇಳಿಮಾಡಿಸಿದಂತಿವೆ. ಪಡಸಾಲೆಯ ತುದಿಯಿಂದ ಹಿತ್ತಲ ಬಾಗಿಲವರೆಗೆ ಅಳೆದರೆ ಎಷ್ಟೋ ಮನೆಗಳಲ್ಲಿ 33 ಅಡಿ ಸಿಗುತ್ತದೆ. ಬಯಲಲ್ಲಿ ಹೊಡೆದು ಪ್ರಯೋಜನವಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನಿಂತಿರುವುದೇ ಅಲ್ಲಿ ಗಾಳಿ ಜೋರಾಗಿರುವುದರಿಂದ. ಅರ್ಧ ಗ್ರಾಂ ಪೆಲೆಟ್ ಅಂಥ ಗಾಳಿಗೆ ಸರಿದುಹೋಗುತ್ತದೆ. ಕಾರ್ಡಿನ ಹಿಂದೆ ದಪ್ಪ ಕಬ್ಬಿಣದ ತಗಡು ಕೂರಿಸಿ, ತಗಡಿನ ಮುಂದೆ ಹಳೆಯ ಕೌದಿಯ ತುಂಡುಗಳನ್ನು ಒತ್ತಿ ತುಂಬಿದ ಮರದ ಪೆಟ್ಟಿಗೆ ಇಟ್ಟರೆ ಪೆಲೆಟ್ ಅಲ್ಲೇ ಉಳಿಯುತ್ತದೆ. ಸೀಸದ ಪುಡಿ ವಿಷ. ಜೋಳದ ಚೀಲ ಇಟ್ಟ ಕೋಣೆಯಲ್ಲಿ ಅಭ್ಯಾಸ ಬೇಡ. ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂಡಬಾರದು.

ದಿನದ ಖರ್ಚು ಹಗುರ. ಮ್ಯಾಚ್ ಪೆಲೆಟ್ಟಿನ ಡಬ್ಬಿಯಲ್ಲಿ 500 ಇರುತ್ತವೆ. ಡಬ್ಬಿಗೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ಒಂದು ಹೊಡೆತಕ್ಕೆ ಎರಡು ರೂಪಾಯಿ, ಪೂರ್ತಿ 60 ಹೊಡೆತಕ್ಕೆ 120. ಖಾಲಿ ಪಿಸ್ತೂಲಿನಲ್ಲಿ, ಅದಕ್ಕೆಂದೇ ಇರುವ ವ್ಯವಸ್ಥೆ ಬಳಸಿ, ಬಿಳಿ ಗೋಡೆಯತ್ತ ಟ್ರಿಗರ್ ಒತ್ತುವ ಅಭ್ಯಾಸಕ್ಕೆ ಕಾಸೂ ಬೇಡ. ನುರಿತವರ ಅಭ್ಯಾಸದಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಸ್ಪರ್ಧೆಯ ನಿಯಮದಂತೆ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಮುಂದಿನ ಸೈಟ್ ಚೊಕ್ಕವಾಗಿ, ಕಪ್ಪು ವೃತ್ತ ಮಸುಕಾಗಿ ಕಾಣುತ್ತಿರುವಾಗ ಉಸಿರು ತಡೆದು, ಆ ಭಾರವನ್ನು ಹನಿಹನಿಯಾಗಿ ಬೆರಳಿಗೆ ತರುವುದರಲ್ಲೇ ಈ ಆಟದ ಸುಖವೆಲ್ಲ ಇದೆ. ಹೊಲದ, ಅಂಗಡಿಯ ಚಿಂತೆ ಆ ಕೆಲವು ಸೆಕೆಂಡು ತಲೆಯಲ್ಲಿ ನಿಲ್ಲುವುದಿಲ್ಲ.

ಕಾನೂನಿನ ಮಾತು. ಈಗ ನಡೆಯುವುದು 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳು. ಅವುಗಳ ಪ್ರಕಾರ 4.5 ಮಿ.ಮೀ. ಮತ್ತು 20 ಜೂಲ್ ಮಿತಿ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಮ್ಯಾಚ್ ಪಿಸ್ತೂಲಿನ ಶಕ್ತಿ ಆರೇಳು ಜೂಲ್. ಆದರೂ ಬಿಲ್ಲು ಜೋಪಾನವಾಗಿರಬೇಕು, ಸಾಗಿಸುವಾಗ ಪಿಸ್ತೂಲು ಪೆಟ್ಟಿಗೆಯಲ್ಲೇ ಇರಬೇಕು, ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿರಬೇಕು. ಹಕ್ಕಿಗೆ ಗುರಿಯಿಡುವ ಮಾತೇ ಇಲ್ಲ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುವ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಮಾಗಡಿ ಕೆರೆ ಗದಗ ಜಿಲ್ಲೆಯಲ್ಲೇ ಇದೆ.

ಒಂದೆರಡು ವರ್ಷದ ಬಳಿಕವೂ ಆಸಕ್ತಿ ಗಟ್ಟಿಯಾಗಿದ್ದರೆ ಮೇಲಿನ ದರ್ಜೆಯ ಪಿಸ್ತೂಲಿಗೆ ಹೋಗಬಹುದು. ಹಳೆಯದನ್ನು ಕೊಳ್ಳುವವರು ಸಿಲಿಂಡರಿನ ತಾರೀಖು, ಮೂಲ ಬಿಲ್ಲು, ಹಿಡಿಯ ಅಳತೆ ಮೂರನ್ನೂ ನೋಡಿಯೇ ಮುಂಗಡ ಕೊಡಬೇಕು. ಸ್ಪರ್ಧೆಗಿಳಿಯುವವರು ಮೊದಲು ಮಾನ್ಯತೆ ಪಡೆದ ಒಂದು ಕ್ಲಬ್ಬಿನ ಸದಸ್ಯರಾಗಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಕೂಟಗಳಿಗೆ ಹೆಸರು ಕೊಡಬೇಕಾಗುತ್ತದೆ. ಸದಸ್ಯತ್ವ, ಪ್ರವೇಶ ಶುಲ್ಕ, ಬೆಂಗಳೂರಿಗೆ ಹೋಗಿಬರುವ ಖರ್ಚು ಸೇರಿದರೆ ವರ್ಷದ ಲೆಕ್ಕದಲ್ಲಿ ಪೆಲೆಟ್ಟಿನ ಪಾಲು ತೀರ ಚಿಕ್ಕದಾಗುತ್ತದೆ. ಇದಕ್ಕೆ ಬೇರೆಯದೇ ಪಿಗ್ಮಿ ಖಾತೆ ತೆರೆಯುವುದು ಒಳ್ಳೆಯದು.