ನನ್ನ ಟೋಟಲ್ ಎಷ್ಟು?

"ಗುರುರಾಜ ಪೂಜಾರಿಯಂಥವರು ಹೋದ್ರೆ ಸರಿ, ನಿಂಗೆಂತ ಮಾರಾಯ ಕಾಂಪಿಟೇಶನ್?" ಎಂದು ಭಾವ ಕೇಳಿದರು. 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು, ಎರಡು ಕಾಮನ್‌ವೆಲ್ತ್ ಪದಕಗಳನ್ನು ಕುಂದಾಪುರದ ಕಡೆಗೆ ತಂದವರು ಗುರುರಾಜ. ಅವರದು ವೇಟ್‌ಲಿಫ್ಟಿಂಗ್. ನಾನು ಹೆಸರು ಕೊಟ್ಟದ್ದು ಜಿಲ್ಲಾ ಮಟ್ಟದ ಪವರ್‌ಲಿಫ್ಟಿಂಗಿಗೆ, ಅದೂ ನಲವತ್ತು ದಾಟಿದವರ ಮಾಸ್ಟರ್ಸ್ ವಿಭಾಗಕ್ಕೆ. ಈ ಆಟದಲ್ಲಿ ಐವತ್ತು, ಅರವತ್ತು, ಎಪ್ಪತ್ತು ದಾಟಿದವರಿಗೂ ಬೇರೆ ಬೇರೆ ವಿಭಾಗಗಳಿವೆ. ನಮ್ಮಂಥವರಿಗೂ ಇಲ್ಲಿ ಜಾಗ ಇದೆ.

ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್. ಒಂದೊಂದಕ್ಕೂ 3 ಅವಕಾಶ. ಪ್ರತಿಯೊಂದರಲ್ಲೂ ಎತ್ತಿದ ಅತಿ ಹೆಚ್ಚು ಭಾರ ಕೂಡಿದರೆ ನಿಮ್ಮ ಟೋಟಲ್. ಕೇಳಲು ಸುಲಭ. ಆದರೆ ಸ್ಕ್ವಾಟಿನಲ್ಲಿ ಸೊಂಟದ ಮಡಿಕೆ ಮಂಡಿಯ ಮೇಲ್ತುದಿಗಿಂತ ಕೆಳಗಿಳಿಯಲೇಬೇಕು. ಬೆಂಚಿನಲ್ಲಿ ಬಾರ್ ಎದೆಯ ಮೇಲೆ ಅಲುಗದೆ ನಿಂತ ಮೇಲಷ್ಟೇ ರೆಫ್ರಿ 'ಪ್ರೆಸ್' ಅನ್ನುತ್ತಾರೆ. ಮೂವರು ರೆಫ್ರಿಗಳಲ್ಲಿ ಇಬ್ಬರಾದರೂ ಬಿಳಿ ದೀಪ ಹಾಕಬೇಕು. ಜಿಮ್ಮಿನಲ್ಲಿ ತಲೆಯ ಹಿಂದೆ ನಿಂತ ಗೆಳೆಯ "ಎಲ್ಲ ನಿಂದೇ" ಎನ್ನುತ್ತಾ ಎರಡು ಬೆರಳು ಕೊಟ್ಟು ಏರಿಸಿದ ಭಾರಕ್ಕೆ ಅಲ್ಲಿ ಲೆಕ್ಕವಿಲ್ಲ.

ಸ್ಪರ್ಧೆಯ ದೊಡ್ಡ ಲಾಭ ಸಿಗುವುದು ಸ್ಪರ್ಧೆಗೆ ಮೊದಲೇ. ಹೆಸರು ಕೊಟ್ಟ ದಿನದಿಂದ ನನ್ನ ಅಭ್ಯಾಸವೇ ಬದಲಾಯಿತು. ಎದೆಯ ಮೇಲೆ ಬಾರ್ ನಿಲ್ಲಿಸಿ ಒತ್ತುವಾಗ ತೂಕ ಇಳಿಸಬೇಕಾಯಿತು. ಸ್ಕ್ವಾಟಿನ ಆಳ ನೋಡಲು ಪಕ್ಕದಲ್ಲೊಬ್ಬರು ಬೇಕಾದರು. ವಾರಗಳು ಕಳೆದಂತೆ ಇಳಿದ ತೂಕ ಮತ್ತೆ ಏರಿತು. ಈ ಸಲ ಅದು ಪೂರ್ತಿ ನನ್ನದೇ.

ಅಲ್ಲಿಯ ಜನರ ಬಗ್ಗೆಯೂ ಹೇಳಬೇಕು. ಪ್ರತಿ ಸುತ್ತಿನಲ್ಲಿ ಕಡಿಮೆ ಭಾರ ಕೇಳಿದವರದೇ ಮೊದಲ ಸರದಿ, ಬಾರಿನ ತೂಕ ಏರುತ್ತಲೇ ಹೋಗುತ್ತದೆ. ಹಾಗಾಗಿ ನಮ್ಮಂಥವರು ಎತ್ತುವಾಗ ಬಲಶಾಲಿಗಳು ಕಾಯುತ್ತಾ, ನೋಡುತ್ತಾ ಇರುತ್ತಾರೆ. ವಾರ್ಮ್‌ಅಪ್ ಕೋಣೆಯಲ್ಲಿ ನನ್ನ ಎರಡರಷ್ಟು ಎತ್ತುವ ಹುಡುಗನೊಬ್ಬ ತಾನಾಗಿಯೇ ಬಂದು, "ಅಣ್ಣ, ಉಸಿರು ಹಿಡ್ಕೊಳ್ಳಿ, ಬೆಲ್ಟ್ ಇನ್ನೊಂದು ತೂತು ಎಳೀತೇನೆ" ಎಂದ. ನನ್ನ ಕೊನೆಯ ಡೆಡ್‌ಲಿಫ್ಟಿಗೆ ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ. ಇಂಥ ಸಹವಾಸ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮೊದಲ ಸಲ ಹೋಗುವವರು ಕೆಳಗಿನ ತೂಕದ ವಿಭಾಗಕ್ಕಾಗಿ ಊಟ ಬಿಡಬೇಡಿ. ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮೊದಲು, ಹಸಿದ ದೇಹ ಅಷ್ಟರಲ್ಲಿ ಚೇತರಿಸಿಕೊಳ್ಳುವುದಿಲ್ಲ. ಶುರುವಿನ ಭಾರವನ್ನು ಹಗುರವಾಗಿಯೇ ಇಡಿ, ಮೈ ಸರಿಯಿಲ್ಲದ ದಿನವೂ ಮೂರು ಸಲ ಎತ್ತಬಲ್ಲಷ್ಟು. ಒಂದು ಯತ್ನ ಸೋತರೆ ಅದೇ ಭಾರವನ್ನು ಮತ್ತೆ ಕೇಳಬಹುದು, ಇಳಿಸುವಂತಿಲ್ಲ. ಮೂರು ಸ್ಕ್ವಾಟೂ ಸೋತರೆ ಟೋಟಲ್ಲೇ ಇಲ್ಲ. ಮೊದಲೆರಡು ಯತ್ನ ಗೆದ್ದಿದ್ದರೆ, ಜಿಮ್ಮಿನಲ್ಲಿ ಎಂದೂ ಏಳದ ಭಾರವನ್ನು ಮೂರನೆಯ ಯತ್ನಕ್ಕೆ ಕೇಳಿ ನೋಡಿ.